ನೆಲ ಮುಟ್ಟದ ಗಾಲಿ

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುವವರು ನಾಲ್ಕು ಊರು ನೋಡಿರಬೇಕು, ನಾಲ್ಕು ದಾರಿ ಸವೆಸಿರಬೇಕು. ನಾನೋ ಹುಟ್ಟಿದಾಗಿನಿಂದ ನನ್ನ ಬಲದ ಮೇಲೆ ಒಂದು ಗೇಣು ಕೂಡ ಮುಂದೆ ಹೋಗಿಲ್ಲ. ನಾನು ಒಂದು ವ್ಯಾಯಾಮದ ಸೈಕಲ್ಲು. ನನಗಿರುವುದು ಒಂದೇ ಗಾಲಿ, ಅದೂ ನೆಲದಿಂದ ನಾಲ್ಕು ಬೆರಳು ಮೇಲೆ. ಇಂಥವನ ಬಾಳಿನಲ್ಲಿ ಹೇಳಲು ಏನಿದ್ದೀತು ಎಂದು ನೀವು ಕೇಳಿದರೆ ತಪ್ಪಿಲ್ಲ. ನಾನೂ ಹಾಗೆಯೇ ಕೇಳಿಕೊಂಡು ಬಹಳ ದಿನ ಸುಮ್ಮನಿದ್ದೆ.

ಇನ್ನೊಂದು ಮಾತನ್ನೂ ಮೊದಲೇ ಒಪ್ಪಿಕೊಳ್ಳಬೇಕು. ನನ್ನ ಓದು ಸಂಜೆ ಶಾಲೆಯ ಓದು, ಅದೂ ಅರ್ಧ. ಹೇಗೆ ಅರ್ಧ ಎಂಬುದನ್ನು ಅದರ ಜಾಗದಲ್ಲಿ ಹೇಳುತ್ತೇನೆ. ತಪ್ಪು ಕಂಡಲ್ಲಿ ತಿದ್ದಿಕೊಂಡು ಓದಿ.

ನಾನು ಹುಟ್ಟಿದ್ದು ಉತ್ತರದ ಕಡೆಯ ಒಂದು ಕಾರ್ಖಾನೆಯಲ್ಲಿ. ಒಂದೇ ಛಾವಣಿಯ ಕೆಳಗೆ ಎರಡು ಸಾಲುಗಳಿದ್ದವು. ಒಂದು ಸಾಲಿನಲ್ಲಿ ಓಡುವ ಸೈಕಲ್ಲುಗಳು, ಇನ್ನೊಂದರಲ್ಲಿ ನಿಲ್ಲುವ ಸೈಕಲ್ಲುಗಳು. ಕೊಳವೆ ಒಂದೇ, ಬಣ್ಣ ಒಂದೇ, ಸೀಟು ಕೂಡ ಒಂದೇ. ಕೊಳವೆಯನ್ನು ಕತ್ತರಿಸುವವನು ಒಂದು ತುಂಡನ್ನು ಎಡಕ್ಕೆ, ಒಂದನ್ನು ಬಲಕ್ಕೆ ಹಾಕುತ್ತಿದ್ದ. ಎಡಕ್ಕೆ ಬಿದ್ದವು ಹೊಲ, ಪೇಟೆ, ಶಾಲೆ, ಸಂತೆ ಎಲ್ಲವನ್ನೂ ನೋಡಿದವು. ನಾನು ಬಲಕ್ಕೆ ಬಿದ್ದೆ. ಆ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ. ಅವನು ಮಾತಾಡುತ್ತಲೇ ಕೆಲಸ ಮಾಡುತ್ತಿದ್ದ, ನನ್ನ ಕಡೆ ನೋಡಲೇ ಇಲ್ಲ.

ನನಗೆ ಒಂದು ಭಾರವಾದ ಗಾಲಿ, ಎರಡು ಪೆಡಲ್, ಒಂದು ಹ್ಯಾಂಡಲ್ ಬಂದವು. ಹ್ಯಾಂಡಲ್ ನಡುವೆ ಅಂಗೈಯಗಲದ ಒಂದು ಮೀಟರ್ ಕೂರಿಸಿದರು. ಪೆಡಲ್ ತುಳಿದರೆ ಅದು ಬೆಳಗುತ್ತದೆ, ಎಷ್ಟು ಕಿಲೋಮೀಟರ್ ಎಂದು ತೋರಿಸುತ್ತದೆ. ತುಳಿಯುವುದು ನಿಂತ ಮೇಲೆ ನಾಲ್ಕು ನಿಮಿಷ ಬೆಳಗಿದ್ದು ಆರಿಹೋಗುತ್ತದೆ. ಅಂಕಿಯನ್ನು ಮಾತ್ರ ಮರೆಯುವುದಿಲ್ಲ. ಈ ಮೀಟರಿನ ಬಗ್ಗೆ ನನಗೆ ಮೊದಲಿನಿಂದಲೂ ಅಳುಕು. ಒಂದಿಂಚೂ ಕದಲದವನು ಕಿಲೋಮೀಟರ್ ಲೆಕ್ಕ ಹೇಳುವುದು ಸುಳ್ಳಲ್ಲವೇ? ಈ ಪ್ರಶ್ನೆ ಮುಂದೆ ಒಂದು ಮನೆಯ ನೆಮ್ಮದಿಯನ್ನೇ ಕೆಡಿಸಿತು.

ಹುಬ್ಬಳ್ಳಿಯ ಒಬ್ಬ ಜವಳಿ ವ್ಯಾಪಾರಿ ನನ್ನನ್ನು ಮೊದಲು ಕೊಂಡ. ಹೊಸ ವರ್ಷದ ಮೊದಲ ದಿನ ಅವನು ಹೊಸ ಬೂಟು ಹಾಕಿಕೊಂಡು ನನ್ನ ಮೇಲೆ ಕುಳಿತ. ಹೆಂಡತಿ ಫೋಟೋ ತೆಗೆದಳು. ಎರಡನೆಯ ದಿನ ಇಪ್ಪತ್ತು ನಿಮಿಷ, ಐದನೆಯ ದಿನ ಹತ್ತು ನಿಮಿಷ, ಎಂಟನೆಯ ದಿನ ಸೀಟಿನ ಮೇಲೆ ಕುಳಿತು ಪೇಪರ್ ಓದಿದ. ಹನ್ನೊಂದನೆಯ ದಿನ ನನ್ನ ಹ್ಯಾಂಡಲ್ ಮೇಲೆ ಮೊದಲ ಟವೆಲ್ ಬಂತು. ಆಮೇಲೆ ಪಂಚೆ, ಆಮೇಲೆ ಪರಕರ, ಮಳೆಗಾಲದಲ್ಲಿ ಇಡೀ ಮನೆಯ ಬಟ್ಟೆ. ತಪ್ಪು ನನ್ನದೇ ಇರಬೇಕು ಎಂದುಕೊಂಡೆ. ನನ್ನ ಸೀಟು ಗಟ್ಟಿಯಾಗಿತ್ತೇನೋ. ಮೂರು ವರ್ಷ ಒದ್ದೆ ಬಟ್ಟೆಯ ಕೆಳಗೆ ಉಸಿರು ಬಿಗಿಹಿಡಿದು ನಿಂತೆ. ಕೊನೆಗೆ ಮನೆಗೆ ಸುಣ್ಣ ಬಣ್ಣ ಮಾಡಿಸುವಾಗ ನನ್ನನ್ನು ಓಣಿಯ ವ್ಯಾಯಾಮಶಾಲೆಗೆ ದಾನ ಕೊಟ್ಟರು.

ವ್ಯಾಯಾಮಶಾಲೆ ಎಂದರೆ ಒಂದು ಉದ್ದನೆಯ ಕೋಣೆ. ಬೆಳಿಗ್ಗೆ ನಾಲ್ಕು ಜನ ಸಾಮು ತೆಗೆಯುತ್ತಿದ್ದರು. ಅವರಿಗೆ ಗದೆ, ಕಲ್ಲುಗುಂಡು ಸಾಕಿತ್ತು. ‘ಇದು ಶ್ರೀಮಂತರ ಕುದುರಿ’ ಎಂದು ನಕ್ಕು ನನ್ನನ್ನು ಮೂಲೆಗೆ ತಳ್ಳಿದರು. ನನ್ನ ಮುಂದೆ ಒಂದು ಕಬ್ಬಿಣದ ಕಪಾಟು ಬಂದು ನಿಂತಿತು.

ಸಂಜೆ ಅದೇ ಕೋಣೆಯಲ್ಲಿ ದೊಡ್ಡವರ ಶಾಲೆ ನಡೆಯುತ್ತಿತ್ತು. ಹೊಸಮನಿ ಮಾಸ್ತರು ಎಂಬವರು ಹಮಾಲರಿಗೆ, ಕಾಯಿಪಲ್ಯ ಮಾರುವ ಹೆಂಗಸರಿಗೆ, ಮನೆವಾರ್ತೆ ಮುಗಿಸಿ ಬಂದವರಿಗೆ ಅಕ್ಷರ ಕಲಿಸುತ್ತಿದ್ದರು. ಕರಿಹಲಗೆ ಎದುರು ಗೋಡೆಯ ಮೇಲಿತ್ತು. ಆದರೆ ಕಪಾಟು ಅಡ್ಡ ಇದ್ದುದರಿಂದ ನನಗೆ ಹಲಗೆಯ ಎಡ ಅರ್ಧ ಮಾತ್ರ ಕಾಣುತ್ತಿತ್ತು. ಪ್ರತಿ ವಾಕ್ಯದ ಆರಂಭ ನನಗೆ ಗೊತ್ತು, ಕೊನೆ ಗೊತ್ತಿಲ್ಲ. ಮಾಸ್ತರು ಓದಿಸುವಾಗಲಾದರೂ ಕೇಳಿಸಿಕೊಳ್ಳೋಣವೆಂದರೆ ಇಪ್ಪತ್ತು ಜನ ಒಟ್ಟಿಗೆ ಕೂಗಿ ಕೊನೆಯ ಪದಗಳನ್ನು ನುಂಗಿಬಿಡುತ್ತಿದ್ದರು. ಒಂದು ಸಂಜೆ ಮಾಸ್ತರು ಆರೋಗ್ಯದ ಪಾಠ ಬರೆದರು. ಅದರ ಮೊದಲ ಸಾಲು ನನಗೆ ಕಂಡದ್ದು ಇಷ್ಟು: ‘ದಿನವೂ ಅರ್ಧ ಗಂಟೆ ನಡೆದರೆ ಮನುಷ್ಯ…’ ಮುಂದಿನದು ಕಪಾಟಿನ ಹಿಂದೆ ಹೋಯಿತು. ಎಷ್ಟೋ ದಿನ ಆ ಸಾಲನ್ನು ನನ್ನೊಳಗೆ ಪೂರ್ತಿ ಮಾಡಲು ಹೆಣಗಿದೆ.

ಆ ತರಗತಿಯಲ್ಲಿ ಬಾಗಿಲ ಹತ್ತಿರ ಕೂರುತ್ತಿದ್ದವಳು ನಿಂಬೆವ್ವ. ಐವತ್ತೈದು ದಾಟಿದ ಹೆಂಗಸು. ಅಂಕಿ ಬರೆಯುವಾಗ ನಾಲಿಗೆಯ ತುದಿ ಹೊರಗೆ ಬರುತ್ತಿತ್ತು. ಒಮ್ಮೆ ಮೂರು ವಾರ ಬರಲೇ ಇಲ್ಲ. ಆಮೇಲೆ ಬಂದವಳು ಚಾಪೆಯ ಮೇಲೆ ಕೂರದೆ ಮಾಸ್ತರ ಎದುರು ನಿಂತಳು.

“ಮಾಸ್ತರ, ಆ ಮೂಲ್ಯಾಗಿನ ಸೈಕಲ್ಲ ಯಾರರ ತುಳೀತಾರೇನ್ರೀ?”

“ಯಾರೂ ಇಲ್ಲವ್ವಾ. ಯಾಕ?”

“ನಮ್ಮ ಮನಿಯವರಿಗೆ ಲಕ್ವಾ ಹೊಡದೈತ್ರಿ. ಎಡಗೈ ಎಡಗಾಲು ಸ್ವಾಧೀನ ಇಲ್ಲ. ದಿನಾ ಕಾಲು ಆಡಿಸಲಿಲ್ಲಂದ್ರ ಹಂಗ ಉಳೀತೈತಿ ಅಂದಾರ ಡಾಕ್ಟರ್ರು. ಹೊರಗ ಕಳಸೂಣಂದ್ರ ನಮ್ಮ ಓಣಿ ತುಂಬ ಟ್ರಕ್ಕ. ಒಮ್ಮೆ ಬಿದ್ದೂ ಆತು. ಮಗ ಹೊಸ್ತಿಲಾ ದಾಟಸಬ್ಯಾಡ ಅಂತಾನ.”

ಮಾಸ್ತರು ಕಪಾಟನ್ನು ಸರಿಸಿದರು. ಅಷ್ಟು ದಿನ ಕಾಣದಿದ್ದ ಅರ್ಧ ಹಲಗೆ ಕಂಡಿತು. ಆದರೆ ಅವತ್ತು ಅದನ್ನು ಒರೆಸಿಬಿಟ್ಟಿದ್ದರು.

ನಿಂಬೆವ್ವನ ಮನೆಯ ಬಾಗಿಲು ಇಕ್ಕಟ್ಟು. ಮಗ ಈರಣ್ಣ ಫಿಟ್ಟರ್ ಕೆಲಸದವನು. ನನ್ನ ಹ್ಯಾಂಡಲ್ ಬಿಚ್ಚಿ, ಅಡ್ಡಪಟ್ಟಿ ಬಿಚ್ಚಿ, ಕೋಳಿಯನ್ನು ಕೊಯ್ದ ಹಾಗೆ ತುಂಡು ತುಂಡಾಗಿ ಒಳಗೆ ತಂದು ಮತ್ತೆ ಜೋಡಿಸಿದ. ನಟ್ಟು ಬೋಲ್ಟುಗಳನ್ನು ಪೂರ್ತಿ ಬಿಗಿದು, “ಇನ್ನ ಇದು ಹೊರಗ ಹೋಗಾಂಗಿಲ್ಲ” ಎಂದ. ತಮಾಷೆಗೆ ಹೇಳಿದ ಮಾತು. ನನಗೆ ಮಾತ್ರ ತಮಾಷೆ ಎನ್ನಿಸಲಿಲ್ಲ. ನನ್ನ ಮುಖ ಗೋಡೆಗೆ. ಗೋಡೆಯ ಮೇಲೆ ಒಂದು ಕ್ಯಾಲೆಂಡರ್. ಎಡಕ್ಕೆ ಸಣ್ಣ ಕಿಟಕಿ, ಅದರಲ್ಲಿ ಬೀದಿಯ ಸೈಕಲ್ಲುಗಳ ಗಂಟೆ ಮಾತ್ರ ಕೇಳುತ್ತಿತ್ತು. ಬಲಕ್ಕೆ ಮಂಚ, ಮಂಚದ ಮೇಲೆ ಫಕ್ಕೀರಪ್ಪ.

ಫಕ್ಕೀರಪ್ಪ ಸಾರಿಗೆ ಬಸ್ಸಿನ ಕಂಡಕ್ಟರ್ ಆಗಿದ್ದವನು. ಇಪ್ಪತ್ತೊಂಬತ್ತು ವರ್ಷ ಹುಬ್ಬಳ್ಳಿಯಿಂದ ವಿಜಯಪುರದ ದಾರಿ. ಒಂದು ಮಧ್ಯಾಹ್ನ ಕುಳಗೇರಿ ಕ್ರಾಸಿನಲ್ಲಿ ಬಸ್ಸು ನಿಂತಾಗ ಸೀಟಿ ಊದಲು ಹೋದವನ ತುಟಿ ಸೊಟ್ಟಗಾಯಿತು. ಸೀಟಿ ಕೆಳಗೆ ಬಿತ್ತು, ಅದರ ಹಿಂದೆ ಅವನೂ ಬಿದ್ದ. ಪ್ರಯಾಣಿಕರು ಬೇರೆ ಬಸ್ಸು ಹತ್ತಿ ಹೋದರು. ಅವನು ಆಂಬುಲೆನ್ಸಿನಲ್ಲಿ ಹಿಂದಕ್ಕೆ ಬಂದ. ಅವನ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು. “ಟ್ರಿಪ್ ಅರ್ಧಕ್ಕ ನಿಂತತಿ.”

ನನ್ನನ್ನು ಕಂಡು ಅವನು ಮುಖ ತಿರುಗಿಸಿದ. “ಎಲ್ಲಿಗೂ ಹೋಗಲಾರದ ಗಾಡಿ ಮ್ಯಾಲೆ ನಾ ಕೂಡಂಗಿಲ್ಲ.” ಒಂದೂವರೆ ತಿಂಗಳು ಅವನು ಮಂಚದ ಮೇಲೆ, ನಾನು ಗೋಡೆಯ ಮುಂದೆ. ಆ ಕೋಣೆಯಲ್ಲಿ ಕದಲುತ್ತಿದ್ದದ್ದು ಕ್ಯಾಲೆಂಡರಿನ ಹಾಳೆ ಮಾತ್ರ.

ಆಯುಧ ಪೂಜೆ ಬಂತು. ನಿಂಬೆವ್ವ ಕುಡುಗೋಲು, ಈಳಿಗೆ, ಮಗ ಬೋಲ್ಟು ಬಿಗಿಯುವ ಪಾನಾ ಎಲ್ಲವನ್ನೂ ತೊಳೆದು ಕುಂಕುಮ ಹಚ್ಚಿದಳು. ನನಗೂ ಚೆಂಡುಹೂವಿನ ಮಾಲೆ ಬಂತು. ಬಸ್ಸಿಗೆ ಇಡುವ ಹಾಗೆ ನನ್ನ ಗಾಲಿಯ ಕೆಳಗೂ ಒಂದು ಲಿಂಬೆಹಣ್ಣು ಇಟ್ಟಳು. ಮಂಚದ ಮೇಲಿಂದ ನಗು ಕೇಳಿತು. ಎಷ್ಟೋ ತಿಂಗಳ ಮೇಲೆ ಬಂದ ಸೊಟ್ಟ ನಗು.

“ಏ ನಿಂಬಿ, ಗಾಲಿ ನೆಲಾನ ಮುಟ್ಟಂಗಿಲ್ಲ, ಲಿಂಬಿಹಣ್ಣ ಹೆಂಗ ಒಡೀತೈತಿ?”

“ನೀವು ಹತ್ತಿ ನೋಡ್ರಲಾ, ಒಡೀತೈತೋ ಇಲ್ಲೋ.”

ಅವಳ ಮಾತನ್ನು ಸುಳ್ಳು ಮಾಡಿ ತೋರಿಸಲೆಂದೇ ಅವನು ಎದ್ದ. ಈರಣ್ಣ ತೋಳು ಹಿಡಿದು ಕೂರಿಸಿದ. ನಿಂಬೆವ್ವ ತನ್ನ ಹಳೆಯ ಸೀರೆಯ ಅಂಚನ್ನು ಹರಿದು ಅವನ ಎಡಪಾದವನ್ನು ಪೆಡಲಿಗೆ ಕಟ್ಟಿದಳು. ಬಲಗಾಲು ತುಳಿಯಿತು, ಎಡಗಾಲು ಹಿಂದೆ ಬಂತು. ಲಿಂಬೆಹಣ್ಣು ಒಡೆಯಲಿಲ್ಲ. ಆದರೆ ಮೀಟರ್ ಬೆಳಗಿತು. ಈರಣ್ಣ ಹೊಸ ಸೆಲ್ ಹಾಕಿದ್ದರಿಂದ ಅದರಲ್ಲಿ ಸೊನ್ನೆ ಇತ್ತು. ಸೊನ್ನೆ ಹೋಗಿ ಪಾಯಿಂಟ್ ಒಂದಾಯಿತು.

ಫಕ್ಕೀರಪ್ಪ ಕಣ್ಣು ಕಿರಿದು ಮಾಡಿ ನೋಡಿದ. “ಇದು ಕಿಲೋಮೀಟರ ಎಣಸತೈತೇನು?” ಎಂದ. “ನಿಂಬೀ, ನನ್ನ ಸೀಟಿ ಎಲ್ಲೈತಿ?” ಎಂದು ಕೇಳಿದ.

ಅಂದಿನಿಂದ ನಾನು ಬಸ್ಸಾದೆ. ಬೆಳಿಗ್ಗೆ ಏಳಕ್ಕೆ ಸೀಟಿ, “ರೈಟ್!” ಎಂಬ ಕೂಗು. ಮೊದಮೊದಲು ದಿನಕ್ಕೆ ಅರ್ಧ ಕಿಲೋಮೀಟರ್, ಆಮೇಲೆ ಒಂದು, ಆಮೇಲೆ ಎರಡು. ಮೀಟರಿನ ಅಂಕಿಯನ್ನು ಅವನು ತನ್ನ ಹಳೆಯ ಬಸ್ಸಿನ ದಾರಿಗೆ ಹೊಂದಿಸಿಕೊಂಡ, ಆ ದಾರಿಯ ಪ್ರತಿ ಮರವೂ ಅವನಿಗೆ ಗೊತ್ತಿತ್ತು. “ಕುಸುಗಲ್ ಬಂತು, ಇಳಿಯವರು ಮುಂದ ಬರ್ರಿ” ಎಂದು ಗೋಡೆಗೆ ಹೇಳುತ್ತಿದ್ದ. ನವಲಗುಂದ ಮುಟ್ಟಿದ ದಿನ “ಹೋಲ್ಡಾನ್!” ಎಂದು ನಿಲ್ಲಿಸಿ, “ಐದ್ ನಿಮಿಷ ಟೈಮ್ ಐತಿ, ಚಾ ಕುಡಿಯವರು ಕುಡೀರಿ” ಎಂದ. ನಿಂಬೆವ್ವ ಅಡಿಗೆಮನೆಯಿಂದ ಚಹಾ ತಂದಳು.

“ಇದೇನ್ರೀ ಕಂಡಕ್ಟರ್ರ, ಬಸ್ಸಿನ್ಯಾಗ ನೀವ ಒಬ್ಬರ ಅದೀರಲಾ?”

“ಸುಮ್ನಿರಬೇ, ಹಿಂದ ಸೀಟ್ ಫುಲ್ ಅದಾವು.”

ಎಡಪಾದಕ್ಕೆ ಕಟ್ಟಿದ್ದ ಸೀರೆಯ ಅಂಚು ನರಗುಂದ ಬರುವ ಮೊದಲೇ ಬೇಡವಾಯಿತು. ನನಗೂ ಒಂದು ಹಮ್ಮು ಬಂತು, ಸುಳ್ಳು ಹೇಳುವುದಿಲ್ಲ. ಎಲ್ಲಿಗೂ ಹೋಗದೆಯೂ ಒಬ್ಬರನ್ನು ಒಯ್ಯಬಹುದು ಎಂದು ಮೊದಲ ಸಲ ಅನ್ನಿಸಿತು. ಅವನ ಗುರಿ ನನಗೆ ಗೊತ್ತಿತ್ತು. ಮುಂದಿನ ದೊಡ್ಡ ನಿಲುಗಡೆ ಕುಳಗೇರಿ ಕ್ರಾಸ್. ತಾನು ಬಿದ್ದ ಜಾಗ. ಅವನು ನಿಂಬೆವ್ವನಿಗೆ ಹೇಳಿದ್ದ, “ಕುಳಗೇರಿ ಕ್ರಾಸ್ ಒಂದು ನಾ ಎಚ್ಚರಿದ್ದು ದಾಟಬೇಕು ನೋಡು. ದಾಟಿದ್ದು ನನಗ ಗೊತ್ತಾಗಬೇಕು. ಅಲ್ಲಿಂದ ಮುಂದ ಏನಾದರೂ ಆಗವಲ್ದಾಕ.”

ಅಷ್ಟರಲ್ಲಿ ಆಗಬಾರದ್ದು ಆಯಿತು.

ಗಂಡನನ್ನು ತೋರಿಸಲು ಹೋದಾಗ ಡಾಕ್ಟರು ನಿಂಬೆವ್ವನ ರಕ್ತವನ್ನೂ ನೋಡಿದ್ದರು. ಅವಳಿಗೂ ಸಕ್ಕರೆ ಕಾಯಿಲೆ ಇತ್ತು. ‘ದಿನಾ ಅರ್ಧ ತಾಸು ಮೈ ಬೆವರಬೇಕು’ ಎಂದು ಹೇಳಿದ್ದರು. ಈ ಮಾತನ್ನು ಅವಳು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ನನ್ನನ್ನು ಒರೆಸುವಾಗ ನನಗಷ್ಟೇ ಹೇಳಿದಳು. “ಮನ್ಯಾಗ ಒಬ್ಬರು ಜಡ್ಡಿನವರಿದ್ದದ್ದು ಸಾಕಪಾ. ಮೊದಲ ನೀರು ಸೇದತಿದ್ನಿ, ಬೀಸತಿದ್ನಿ, ಕುಟ್ಟತಿದ್ನಿ. ಈಗ ನಳಾ ಬಂತು, ಮಿಕ್ಸರ್ ಬಂತು. ಮೈ ಕುಂತಲ್ಲೇ ಕುಂತು ಕೆಟ್ಟತಿ.”

ಮಧ್ಯಾಹ್ನ ಫಕ್ಕೀರಪ್ಪ ಊಟ ಮಾಡಿ ಪಡಸಾಲೆಯಲ್ಲಿ ಮಲಗುತ್ತಿದ್ದ. ಆಗ ಅವಳು ಸದ್ದಿಲ್ಲದೆ ಬಂದು ಬಾಗಿಲು ಮುಂದೆ ಮಾಡುತ್ತಿದ್ದಳು. ಅವಳ ಕಾಲು ನನ್ನ ಪೆಡಲಿಗೆ ಎಟುಕುತ್ತಿರಲಿಲ್ಲ. ಸೀಟಿನ ಕೆಳಗಿನ ಪಿನ್ನು ತೆಗೆದು ಎರಡು ತೂತು ಇಳಿಸಿ, ಸೀರೆಯನ್ನು ಮೇಲೆ ಕಟ್ಟಿ, ಕುಳಿತು ತುಳಿಯುತ್ತಿದ್ದಳು. ಮುಗಿದ ಮೇಲೆ ಸೀಟನ್ನು ಮತ್ತೆ ಮೇಲೇರಿಸುತ್ತಿದ್ದಳು. ಹೆಂಗಸು ಬಲು ಜಾಗರೂಕಳು. ಮೀಟರಿನ ವಿಷಯವೂ ಅವಳಿಗೆ ನೆನಪಿತ್ತು. ಅದು ಗಂಡನ ಲೆಕ್ಕ, ತನ್ನದು ಅದರಲ್ಲಿ ಬೆರೆಯಬಾರದು. ಅದಕ್ಕೆ ಅವಳೊಂದು ಉಪಾಯ ಮಾಡಿದಳು. ಹುಬ್ಬಳ್ಳಿಯ ಆಟೋದವರು ಬಾಡಿಗೆ ಬೇಡವಾದಾಗ ಮೀಟರಿನ ಮೇಲೆ ಒಂದು ಅರಿವೆ ಮುಚ್ಚುತ್ತಾರೆ. ಅರಿವೆ ಮುಚ್ಚಿದ್ದರೆ ಮೀಟರ್ ಓಡುತ್ತಿಲ್ಲ ಎಂದೇ ಅರ್ಥ. ಅವಳು ಅದನ್ನು ಜೀವಮಾನವಿಡೀ ನೋಡಿದವಳು. ಹತ್ತುವ ಮೊದಲು ತನ್ನ ಟವೆಲನ್ನು ನನ್ನ ಮೀಟರಿನ ಮೇಲೆ ನೀಟಾಗಿ ಹೊದಿಸಿ, “ನಿನಗ ರಜಾ” ಎನ್ನುತ್ತಿದ್ದಳು.

ಟವೆಲಿನ ಕೆಳಗೆ ನಾನು ಎಣಿಸುತ್ತಲೇ ಇದ್ದೆ. ಎಣಿಸದೇ ಇರುವುದು ನನ್ನ ಕೈಯಲ್ಲಿಲ್ಲ.

ಒಂದು ಬೆಳಿಗ್ಗೆ ನರಗುಂದ ದಾಟಿ ಇಳಿದ ಫಕ್ಕೀರಪ್ಪ ಮಾರನೆಯ ಬೆಳಿಗ್ಗೆ ಹತ್ತಿದಾಗ ಮೀಟರು ಮೂರು ಕಿಲೋಮೀಟರ್ ಮುಂದಿತ್ತು. ಮೊದಲ ದಿನ ಅವನು ಕಣ್ಣು ಉಜ್ಜಿಕೊಂಡ. ಎರಡನೆಯ ದಿನ ನನ್ನನ್ನು ತಟ್ಟಿದ. ಮೂರನೆಯ ದಿನ ಬಲಗೈಯಿಂದ ಕ್ಯಾಲೆಂಡರಿನ ಮೇಲೆ ಅಂಕಿ ಬರೆದಿಟ್ಟ. ನಾಲ್ಕನೆಯ ದಿನ ಅಂಕಿಗೂ ಮೀಟರಿಗೂ ತಾಳೆಯಾಗಲಿಲ್ಲ. ಯಂತ್ರ ತಪ್ಪಿದೆ ಎಂದು ಅವನು ಅಂದುಕೊಳ್ಳಬಹುದಿತ್ತು. ಆದರೆ ಲಕ್ವಾ ಹೊಡೆದ ಮನುಷ್ಯ ಮೊದಲು ಅನುಮಾನಿಸುವುದು ತನ್ನನ್ನೇ. ನಾನು ತುಳಿದದ್ದು ನನಗೇ ನೆನಪಿಲ್ಲವೇ? ಬರೆದದ್ದೇ ತಪ್ಪೇ? ಅವನ ತಂದೆ ಕೊನೆಗಾಲದಲ್ಲಿ ಮಗನ ಮುಖ ನೋಡಿ ‘ನೀವು ಯಾರ ಪೈಕಿ?’ ಎಂದು ಕೇಳಿದ್ದನಂತೆ. ಆ ಮಾತು ಫಕ್ಕೀರಪ್ಪನ ಎದೆಯಲ್ಲಿ ಮುಳ್ಳಿನ ಹಾಗೆ ಕುಳಿತಿತ್ತು. ಈಗ ಅದು ಅಲುಗಾಡಿತು.

ಅವನು ಯಾರಿಗೂ ಹೇಳಲಿಲ್ಲ. ಅವಳೂ ಯಾರಿಗೂ ಹೇಳಲಿಲ್ಲ. ಒಬ್ಬರ ಮುಂದೆ ಒಬ್ಬರು ಊಟಕ್ಕೆ ಕೂರುತ್ತಿದ್ದರು. ಇಬ್ಬರ ಗುಟ್ಟೂ ನನ್ನೊಬ್ಬನಲ್ಲಿ ಬಂದು ಸಿಕ್ಕಿಕೊಂಡಿತು. ಗೋಡೆಗೆ ಮುಖ ಮಾಡಿ ನಿಂತವನಿಗೆ ಬಾಯಿ ಎಲ್ಲಿಂದ ಬರಬೇಕು? ನನಗಿದ್ದದ್ದು ಒಂದೇ ಸದ್ದು, ಪೆಡಲಿನ ಕೀರಲು. ನಿಂಬೆವ್ವ ತುಳಿಯುವಾಗ ಆದಷ್ಟು ಜೋರಾಗಿ ಕಿರುಗುಟ್ಟಿ ನೋಡಿದೆ, ಮಲಗಿದವನು ಎದ್ದು ಬರಲಿ ಎಂದು. ಅವಳು ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಿಟ್ಟು ನನ್ನ ಆ ಒಂದು ಬಾಯಿಯನ್ನೂ ಮುಚ್ಚಿದಳು.

ಫಕ್ಕೀರಪ್ಪ ಊರುಗಳ ಹೆಸರು ಕೂಗುವುದನ್ನು ನಿಲ್ಲಿಸಿದ. ಹೆದರಿಕೆಯಿಂದ ನಿಜವಾಗಿಯೂ ಸಣ್ಣಪುಟ್ಟದನ್ನು ಮರೆಯತೊಡಗಿದ. ಕನ್ನಡಕ ಎಲ್ಲಿಟ್ಟೆ, ಮಾತ್ರೆ ನುಂಗಿದೆನೋ ಇಲ್ಲವೋ. ಈರಣ್ಣ ತಾಯಿಯನ್ನು ನನ್ನ ಪಕ್ಕಕ್ಕೇ ಕರೆದು ಮೆಲ್ಲಗೆ ಹೇಳಿದ.

“ಯವ್ವಾ, ಅಪ್ಪಗ ಮರವು ಹೆಚ್ಚಾಗೇತಿ. ಸೈಕಲ್ಲ ಬ್ಯಾಡ ಇನ್ನ. ಬಿದ್ದು ಗಿದ್ದಾರು.”

“ಅದೊಂದ ಇತ್ತಲ್ಲೋ ತಮ್ಮಾ ಅವರಿಗೆ” ಎಂದಳು ನಿಂಬೆವ್ವ. ಅವಳ ಕೈ ನನ್ನ ಹ್ಯಾಂಡಲನ್ನು ಬಿಡಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಅವನು ಹತ್ತಿ ಕುಳಿತ. ಹಿಂದಿನ ದಿನ ಕುಳಗೇರಿ ಕ್ರಾಸಿಗೆ ಎರಡೇ ಕಿಲೋಮೀಟರ್ ಉಳಿದಿತ್ತು. ಅಂದು ಅವನು ಸೀಟಿಯನ್ನು ತೊಳೆದು, ಇಸ್ತ್ರಿ ಮಾಡಿದ ಖಾಕಿ ಅಂಗಿ ಹಾಕಿಕೊಂಡು ಬಂದಿದ್ದ. ಒಂದು ಸುತ್ತು ತುಳಿದ. ಮೀಟರ್ ಬೆಳಗಿತು. ಕುಳಗೇರಿ ಕ್ರಾಸ್ ಹಿಂದೆ ಬಿದ್ದು ಒಂದು ಕಿಲೋಮೀಟರ್ ಆಗಿತ್ತು.

ಅವನು ಬಹಳ ಹೊತ್ತು ಆ ಅಂಕಿಯನ್ನೇ ನೋಡಿದ. “ದಾಟೇ ಬಿಟ್ಟನಲ್ಲಾ” ಎಂದ. “ನನಗ ಗೊತ್ತ ಆಗಲಿಲ್ಲ.” ಅವನ ಬಲಗೈ ಹ್ಯಾಂಡಲನ್ನು ಬಿಗಿಹಿಡಿದಿತ್ತು, ಕಣ್ಣೀರು ಮೀಟರಿನ ಗಾಜಿನ ಮೇಲೆ ಬಿತ್ತು. ನನ್ನ ಬಾಳಿನಲ್ಲಿ ನಾನು ಅಷ್ಟು ನಾಚಿದ ದಿನ ಇನ್ನೊಂದಿಲ್ಲ. ಅವನು ಇಳಿದು, ಖಾಕಿ ಅಂಗಿ ಕಳಚಿ, ಸೀಟಿಯನ್ನು ಮಂಚದ ಹಾಸಿಗೆಯ ಕೆಳಗೆ ತಳ್ಳಿ ಗೋಡೆಗೆ ಮುಖ ಮಾಡಿ ಮಲಗಿದ.

ಒಂಬತ್ತು ದಿನ ಅವನು ನನ್ನ ಹತ್ತಿರ ಬರಲಿಲ್ಲ. ಎಡಗಾಲು ಮತ್ತೆ ನೆಲ ಎಳೆಯತೊಡಗಿತು. ಕೋಣೆಯಲ್ಲಿ ಆ ಎಳೆಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನಿಂಬೆವ್ವ ಮಾತ್ರ ಮಧ್ಯಾಹ್ನ ಬರುತ್ತಿದ್ದಳು. ಅವಳಿಗೆ ಬೇರೆ ಹೆದರಿಕೆ. “ಇವರು ಹಾಸಿಗಿ ಹಿಡದರ ಎತ್ತಾಕ ಕೂಡ್ರಸಾಕ ನಾನ ಗಟ್ಟಿ ಇರಬೇಕಲ್ಲಪಾ” ಎಂದು ನನಗೆ ಹೇಳುತ್ತಾ, ಅಳುತ್ತಾ ತುಳಿಯುತ್ತಿದ್ದಳು. ಟವೆಲು ಮೀಟರಿನ ಮೇಲಿರುತ್ತಿತ್ತು.

ಹತ್ತನೆಯ ದಿನ ಅವಳು ತುಳಿಯುತ್ತಿರುವಾಗ ಅಡಿಗೆಮನೆಯಿಂದ ಹಾಲು ಉಕ್ಕಿದ ವಾಸನೆ ಬಂತು. “ಅಯ್ಯ ಶಿವನ!” ಎಂದು ಹಾರಿ ಇಳಿದು ಓಡಿದಳು. ಅದೇ ಹೊತ್ತಿಗೆ ಫಕ್ಕೀರಪ್ಪ ಪಡಸಾಲೆಯಲ್ಲಿ ಎಚ್ಚೆತ್ತು ಕಾಲೆಳೆಯುತ್ತಾ ಕೋಣೆಗೆ ಬಂದ. ಮಂಚಕ್ಕೆ ಇನ್ನೆರಡು ಹೆಜ್ಜೆ ಇರುವಾಗಲೇ ಉಸಿರು ಸಾಲದೆ, ಹತ್ತಿರ ಸಿಕ್ಕಿದ ನನ್ನ ಮೇಲೆ ಕುಳಿತ. ಕೂತದ್ದೇ ಅವನ ಮೊಣಕಾಲು ಹ್ಯಾಂಡಲಿಗೆ ಬಡಿಯಿತು.

ಅವನು ಗಾಬರಿಯಾದ. “ನಾ ಉದ್ದ ಆದ್ನೋ, ಇದು ಗಿಡ್ಡ ಆತೋ?”

ಬಗ್ಗಿ ನೋಡಿದ. ಪಿನ್ನು ಎರಡು ತೂತು ಕೆಳಗಿತ್ತು. ಸೀಟು ಬೆಚ್ಚಗಿತ್ತು. ಹ್ಯಾಂಡಲಿನ ಮೇಲೆ ಹಸಿರು ಬಳೆಯ ಒಂದು ಚೂರು. ಟವೆಲನ್ನು ಎತ್ತಿದ. ಕೆಳಗೆ ಮೀಟರು ಬೆಳಗುತ್ತಿತ್ತು.

ಮೊದಲೇ ಹೇಳಿದ್ದೆ, ತುಳಿಯುವುದು ನಿಂತ ಮೇಲೂ ಅದು ನಾಲ್ಕು ನಿಮಿಷ ಬೆಳಗಿರುತ್ತದೆ. ಆ ನಾಲ್ಕು ನಿಮಿಷದಲ್ಲಿ ನಾನು ನನ್ನ ಇಡೀ ಬಾಳಿನ ಮಾತನ್ನು ಹೇಳಿದ ಹಾಗಾಯಿತು. ಇಪ್ಪತ್ತೊಂಬತ್ತು ವರ್ಷ ಕಿಕ್ಕಿರಿದ ಬಸ್ಸಿನಲ್ಲಿ ತಲೆ ಎಣಿಸಿ, ಟಿಕೆಟ್ ಇಲ್ಲದವನನ್ನು ಕಣ್ಣು ನೋಡಿಯೇ ಹಿಡಿದ ಕಂಡಕ್ಟರ್ ಅವನು. ಇಷ್ಟು ಸಾಕ್ಷಿ ಸಾಕಾಯಿತು. ಮಂಚದ ಕಡೆ ವಾಲಿ ಹಾಸಿಗೆಯ ಕೆಳಗೆ ಕೈ ಹಾಕಿ ಸೀಟಿ ತೆಗೆದ. ತುಟಿ ಇನ್ನೂ ಸ್ವಲ್ಪ ಸೊಟ್ಟಗಿತ್ತು. ಆದರೂ ಊದಿದ.

ನಿಂಬೆವ್ವ ಸೌಟು ಹಿಡಿದೇ ಓಡಿಬಂದಳು. ಅವನು ಗಂಭೀರ ಮುಖ ಮಾಡಿ ಗೋಡೆಗೆ ಕೂಗಿದ. “ಯಾರದು, ನರಗುಂದದಾಗ ಟಿಕೆಟ್ ತಗೊಳ್ಳದ ಹತ್ತಿದವರು?”

ಅವಳು ಬಾಗಿಲಲ್ಲೇ ನಿಂತಳು. ಕಣ್ಣು ಅವನ ಕೈಯ ಟವೆಲಿನ ಮೇಲೆ.

“ನಿಮ್ಮ ಲೆಕ್ಕಕ್ಕ ಬರಬಾರದಂತ ಮೀಟರಿಗೆ ಅರಿವಿ ಮುಚ್ಚಿದ್ನೆಲ್ರೀ!”

“ಏನ್ ಮುಚ್ಚಿದ್ದಿ?”

“ಅರಿವಿ. ಆಟೋದವರು ಮುಚ್ಚತಾರಲಾ, ಹಂಗ.”

ಅವನು ನಗತೊಡಗಿದ. ನಕ್ಕು ನಕ್ಕು ನನ್ನ ಹ್ಯಾಂಡಲಿನ ಮೇಲೆ ತಲೆಯಿಟ್ಟ. ತಲೆಯಿಟ್ಟ ಮೇಲೆ ಅದು ನಗುವೋ ಅಳುವೋ ಕೆಳಗಿದ್ದ ನನಗೂ ತಿಳಿಯಲಿಲ್ಲ. “ನನ್ನ ತಲಿ ಕೆಟ್ಟತಿ ಅಂತ ತಿಳದಿದ್ನೆಲೇ ನಿಂಬಿ” ಎಂದ. “ನಮ್ಮಪ್ಪನಂಗ ನಾಳೆ ನಿನ್ನ ಯಾರ ಪೈಕಿ ಅಂತ ಕೇಳತೀನಿ ಅಂತ ತಿಳದಿದ್ನಿ.”

ಅವಳು ಸೌಟು ಕೆಳಗಿಟ್ಟು ಬಂದು ಅವನ ಬೆನ್ನ ಮೇಲೆ ಕೈಯಿಟ್ಟಳು. “ನಿಮ್ಮ ತಲಿ ನೆಟ್ಟಗ ಐತ್ರಿ. ನನ್ನದ ಕೆಟ್ಟಿತ್ತು. ಸಕ್ಕರಿ ಬಂದೈತಿ ನನಗ. ಹೇಳಬೇಕಿತ್ತು.”

“ಯಾಕ ಹೇಳಲಿಲ್ಲ?”

“ಮುದುಕಿ ಸೈಕಲ್ಲ ಹೊಡೀತಾಳ ಅಂದ್ರ ನಗೂದಿಲ್ಲೇನ್ರೀ ಮಂದಿ?”

“ನಗವಲ್ದಾಕ. ಬಸ್ಸಿನ್ಯಾಗ ಹೆಣ್ಣಮಕ್ಕಳು ಇಲ್ಲದ ಟ್ರಿಪ್ ನಾ ಒಂದೂ ಮಾಡಿಲ್ಲ.” ಅವನು ಮೀಟರಿನ ಅಂಕಿ ನೋಡಿದ. “ಕುಳಗೇರಿ ಕ್ರಾಸ್ ನೀ ದಾಟಿಸಿದಿ ಅಂದಂಗಾತು. ಎಚ್ಚರಿದ್ದು ದಾಟಬೇಕಂದಿದ್ನಿ. ಇಬ್ಬರಾಗ ಒಬ್ಬರರ ಎಚ್ಚರಿದ್ವಲ್ಲ.”

ಅಂದಿನಿಂದ ಬೆಳಿಗ್ಗೆ ಅವನು, ಮಧ್ಯಾಹ್ನ ಅವಳು. ಸೀಟು ಮೇಲೆ, ಸೀಟು ಕೆಳಗೆ. ಅವಳು ತುಳಿಯುವಾಗ ಅವನು ಮಂಚದ ಮೇಲಿಂದ ಊರು ಕೂಗುತ್ತಿದ್ದ. ಕೆರೂರು ಹೋಯಿತು, ಗದ್ದನಕೇರಿ ಹೋಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಕೊಲ್ಹಾರದ ಸೇತುವೆ ಬಂತು. ಕೃಷ್ಣೆಯ ಮೇಲಿನ ಆ ಉದ್ದ ಸೇತುವೆಯ ನಡುವೆ, ಅವರು ಲೆಕ್ಕ ಹಾಕಿದ ಪ್ರಕಾರ, ನನ್ನ ಮೀಟರು ಆರಿಹೋಯಿತು. ಸೆಲ್ ಮುಗಿದಿತ್ತು. ಈರಣ್ಣ ಹೊಸ ಸೆಲ್ ಹಾಕಿದ. ಬೆಳಗಿದ್ದು ಸೊನ್ನೆ.

ಅಷ್ಟು ದಾರಿ ಒಂದು ಸೊನ್ನೆಯಾಗಿ ಕೂತಿತು. ಅವನು ಮತ್ತೆ ಮಂಚ ಹಿಡಿಯುತ್ತಾನೆ ಎಂದು ನಾನು ಹೆದರಿದೆ. ಅವನು ಸುಮ್ಮನೆ ಸೊನ್ನೆಯನ್ನು ನೋಡಿ, “ಇದರ ಕೆಲಸ ಇಷ್ಟ ನೋಡು” ಎಂದ. ಬೈದದ್ದೋ ಹೊಗಳಿದ್ದೋ ಈಗಲೂ ನನಗೆ ಸ್ಪಷ್ಟವಿಲ್ಲ.

ಎರಡು ದಿನ ಕಳೆದು ಆಯುಧ ಪೂಜೆ. ನಿಂಬೆವ್ವ ಹೋದ ವರ್ಷದ ಹಾಗೆಯೇ ನನಗೆ ಮಾಲೆ ಹಾಕಿ, ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟಳು. ಫಕ್ಕೀರಪ್ಪ ಗೋಡೆ ಹಿಡಿದು ಬಗ್ಗಿ ಆ ಹಣ್ಣನ್ನು ತೆಗೆದುಕೊಂಡ. ಕಾಲೆಳೆಯದೆ ಹೊಸ್ತಿಲವರೆಗೆ ನಡೆದು, ಅದನ್ನು ಹೊಸ್ತಿಲಿನ ಹೊರಗೆ ನೆಲದ ಮೇಲಿಟ್ಟನಂತೆ.

“ಅಪ್ಪಾ, ಏನ್ ಮಾಡಾಕತ್ತಿ?” ಎಂದು ಈರಣ್ಣ ಓಡಿಬಂದ.

“ಗಾಡಿ ಬಿಡಾಕತ್ತೀನಿ. ಆಕಡಿ ಸರಿ.”

ನನ್ನ ಮುಖ ಗೋಡೆಗಿತ್ತು. ಹೊಸ್ತಿಲು ನನಗೆ ಕಾಣುವುದಿಲ್ಲ. ಆದರೆ ಸದ್ದು ಕೇಳಿದೆ. ಲಿಂಬೆಹಣ್ಣು ಒಡೆದ ಪಿಚಕ್ಕೆಂಬ ಸದ್ದು. “ಎಡಗಾಲಲೇ ನಿಂಬಿ, ಎಡಗಾಲು!” ಎಂದ ಅವನ ಕೂಗು. ಹುಳಿ ವಾಸನೆ ಕೋಣೆಯೊಳಗೆ ಬಂತು. ಆಮೇಲೆ ಸೀಟಿ, ಆಮೇಲೆ “ರೈಟ್!”, ಆಮೇಲೆ ಎರಡು ಜೊತೆ ಚಪ್ಪಲಿಗಳು ದೂರವಾದವು.

ಇದಾಗಿ ಮೂರು ವರ್ಷ. ಟ್ರಕ್ಕುಗಳು ಬರುವ ಮೊದಲೇ, ಬೆಳಿಗ್ಗೆ ಆರಕ್ಕೆ ಅವರು ಹೊರಡುತ್ತಾರೆ, ಏಳಕ್ಕೆ ಬರುತ್ತಾರೆ. ನನ್ನ ಮೇಲೆ ಈಗ ಯಾರೂ ಕೂರುವುದಿಲ್ಲ. ಟವೆಲು ಬಂದಿದೆ, ಒಂದೊಂದು ದಿನ ಖಾಕಿ ಅಂಗಿಯೂ. ಒಮ್ಮೆ ಈರಣ್ಣ ನನ್ನನ್ನು ಗುಜರಿಗೆ ಹಾಕಲು ನೋಡಿದ. ಬೋಲ್ಟುಗಳು ತುಕ್ಕು ಹಿಡಿದು ಹ್ಯಾಂಡಲು ಬಿಚ್ಚಲಿಲ್ಲ, ಬಿಚ್ಚದೆ ಬಾಗಿಲು ದಾಟುವುದಿಲ್ಲ. “ಇರವಲ್ದಾಕ ಬಿಡೋ” ಎಂದಳು ನಿಂಬೆವ್ವ. ಒಳಗೆ ಬಂದ ಬಾಗಿಲಿನಿಂದ ಹೊರಗೆ ಹೋಗುವ ಭಾಗ್ಯ ನನಗಿಲ್ಲ. ಅದಕ್ಕೆ ಮೊದಲಿನಷ್ಟು ದುಃಖವೂ ಆಗುವುದಿಲ್ಲ. ಆಗುವುದೇ ಇಲ್ಲ ಎಂದರೆ ಸುಳ್ಳಾದೀತು. ಬೀದಿಯಲ್ಲಿ ಸೈಕಲ್ ಗಂಟೆ ಕೇಳಿದಾಗ ನನ್ನ ಗಾಲಿ ಈಗಲೂ ಒಂದು ಎಳೆಯಷ್ಟು ಮಿಸುಕುತ್ತದೆ. ಗಾಳಿಯೂ ಇರಬಹುದು.

ಇಷ್ಟು ಹೇಳಿದವನು ಉಳಿದದ್ದನ್ನೂ ಹೇಳಬೇಕು. ಆದರೆ ನನಗೆ ಗೊತ್ತಿಲ್ಲ. ಅವರು ದಿನಾ ಎಲ್ಲಿಯವರೆಗೆ ಹೋಗುತ್ತಾರೆ, ಕೆರೆಯವರೆಗೋ ಬಸ್‌ಸ್ಟ್ಯಾಂಡಿನವರೆಗೋ, ಗೊತ್ತಿಲ್ಲ. ಕೊಲ್ಹಾರದ ಸೇತುವೆಯಿಂದ ಮುಂದೆ ಲೆಕ್ಕ ಇಟ್ಟುಕೊಂಡು ವಿಜಯಪುರ ಮುಟ್ಟಿದರೋ, ಇಲ್ಲ ಆ ಲೆಕ್ಕವನ್ನೇ ಬಿಟ್ಟರೋ, ಗೊತ್ತಿಲ್ಲ. ಅವಳ ಸಕ್ಕರೆ ಇಳಿಯಿತೋ ಏನೋ, ಈಗ ಅವಳು ನನಗೆ ಏನೂ ಹೇಳುವುದಿಲ್ಲ, ಅವನಿಗೇ ಹೇಳುತ್ತಾಳೆ. ಮತ್ತೆ ಆ ಕರಿಹಲಗೆಯ ಸಾಲು: ದಿನವೂ ಅರ್ಧ ಗಂಟೆ ನಡೆದರೆ ಮನುಷ್ಯ… ಅದರ ಮುಂದೆ ಮಾಸ್ತರು ಏನು ಬರೆದಿದ್ದರೋ, ಅದೂ ನನಗೆ ಗೊತ್ತಿಲ್ಲ.